ಗೋಡೆಗೆ ನಿಂತ ಅಯ್ಯನವರು

ನಮ್ಮೂರಲ್ಲಿ ಸತ್ತವರ ನೆರಳು ಉಳಿದುಕೊಳ್ಳುತ್ತದೆ. ಮಣ್ಣು ಮಾಡಿ ಬಂದ ಮೇಲೆ ಮೊದಲ ಸಲ ಮೋಡವಿಲ್ಲದ ಬಿಸಿಲು ಬಿದ್ದಾಗ, ಆ ಮನುಷ್ಯ ಬದುಕಿದ್ದಾಗ ಎಲ್ಲಿ ಹೆಚ್ಚು ಹೊತ್ತು ನಿಂತಿದ್ದನೋ ಅಲ್ಲಿ ಬಂದು ನಿಲ್ಲುತ್ತದೆ. ಕೂತದ್ದು, ಮಲಗಿದ್ದು ಲೆಕ್ಕಕ್ಕಿಲ್ಲ. ನಿಂತದ್ದಷ್ಟೇ. ನನ್ನ ಹೆಂಡತಿ ಖೈರುನ್ನೀಸಾ ನಲ್ಲಿಯ ಪಾಳಿಯಲ್ಲಿ ನಿಂತಿದ್ದಾಳೆ. ತೀರಿಕೊಂಡು ಎಷ್ಟೋ ವರ್ಷವಾಯಿತು, ಈಗಲೂ ಹೆಂಗಸರು ಅವಳ ಹಿಂದೆಯೇ ಕೊಡ ಇಡುತ್ತಾರೆ. ಅವಳನ್ನು ದಾಟಿ ಮುಂದೆ ಹೋದರೆ ಏನಾಗುತ್ತಿತ್ತು ಎಂಬುದನ್ನು ಅವರು ಇನ್ನೂ ಮರೆತಿಲ್ಲ. ಬಡಿಗೇರ ಮನೆಯ ಸೊಸೆ ನನ್ನ ಹತ್ತಿರ ಕೊಡೆ ರಿಪೇರಿಗೆ ಕೊಡಲು ಬಂದಾಗಲೆಲ್ಲ ಗೋಳಾಡುತ್ತಾಳೆ. "ಅತ್ತಿ ಒಲಿ ಮುಂದ ನಿಂತಬಿಟ್ಟಾಳ ಕಾಕಾ. ಒಗ್ಗರಣಿಗೆ ಎಣ್ಣಿ ಇವತ್ತಿಗೂ ಅರ್ಧಾ ಚಮಚಾನ ಹಾಕ್ತೀನಿ." ಇನ್ನೊಬ್ಬ ಪುಣ್ಯಾತ್ಮ ಇದ್ದ. ತಕರಾರಿನ ಹೊಲದ ಬದುವಿನ ಮೇಲೆ ತನ್ನ ನೆರಳು ಬೀಳಲಿ ಎಂದು ಮುಪ್ಪಿನ ಕಾಲದಲ್ಲಿ ದಿನಾ ಸಂಜೆ ಅಲ್ಲಿ ಹೋಗಿ ನಿಲ್ಲುತ್ತಿದ್ದ. ಸತ್ತ ಮೇಲೆ ನೆರಳು ಮೂಡಿದ್ದು ಜಿಲೇಬಿ ಅಂಗಡಿಯ ಮುಂದೆ. ಮಕ್ಕಳಿಗೆ ಹೊಲವೂ ಹೋಯಿತು, ಅಪ್ಪನ ಸಕ್ಕರೆ ಕಾಯಿಲೆ ಯಾಕೆ ಇಳಿಯಲಿಲ್ಲ ಎಂಬುದೂ ತಿಳಿಯಿತು.

ಹೊಲದ ಆಸೆಗೆ ಅವನು ನಿಂತದ್ದಕ್ಕೆ ಕಾರಣವಿದೆ. ನೆರಳು ಬಿದ್ದ ಜಾಗವನ್ನು ಯಾರೂ ಮುಚ್ಚುವಂತಿಲ್ಲ, ಬೇಲಿ ಹಾಕುವಂತಿಲ್ಲ. ಅದು ನಮ್ಮೂರ ಪದ್ಧತಿ. ನೆರಳು ಯಾರದಾದರೂ ಮನೆಯ ಗೋಡೆಗೆ ಬಿದ್ದಿದ್ದರೆ ಮಾತ್ರ ಒಂದು ಕಟ್ಟಳೆ. ಗೋಡೆಯ ಒಡೆಯರು ಊರ ಮುಂದೆ ನಿಂತು, ಈ ಮನುಷ್ಯ ಇಲ್ಲಿ ನಿಲ್ಲುತ್ತಿದ್ದದ್ದು ನನಗೆ ಗೊತ್ತಿತ್ತು, ನಾನು ಬೇಡ ಅನ್ನಲಿಲ್ಲ ಎಂದು ಹೇಳಬೇಕು. ಹಾಗೆ ಹೇಳದಿದ್ದರೆ ಅದು ಕಳ್ಳನೆರಳು. ಅದಕ್ಕೆ ಬೆಲೆಯಿಲ್ಲ. ಬೇಡವಾದರೆ ಒಡೆಯರು ಸುಣ್ಣ ಬಳಿದುಬಿಡಬಹುದು. ಸುಣ್ಣ ಬಿದ್ದ ನೆರಳು ಮತ್ತೆ ಬರುವುದಿಲ್ಲ.

ನಾನು ದಸ್ತಗೀರ. ಕೊಡೆ ರಿಪೇರಿ ನನ್ನ ಕೆಲಸ. ಶಾಲೆಗೆ ಹೋದವನಲ್ಲ, ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತವನು. ಕೂರುವುದು ಹಿರೇ ಓಣಿಯ ಬಾಯಲ್ಲಿ. ಓಣಿಯ ಒಂದು ತುದಿಗೆ ಕೇರಿ, ಇನ್ನೊಂದು ತುದಿಗೆ ದವಾಖಾನೆ, ಶಾಲೆ, ಸಂತೆ. ನಡುವೆ ದೊಡ್ಡವರ ಮನೆಗಳು. ನಾನು ಚಿಕ್ಕವನಿದ್ದಾಗ ಕೇರಿಯವರು ಓಣಿಯಲ್ಲಿ ಕಾಲಿಡುವಂತಿರಲಿಲ್ಲ. ಹೆರಿಗೆ ನೋವಾಗಲಿ, ಹಾವು ಕಚ್ಚಿರಲಿ, ನಾಲೆಯ ದಂಡೆ ಹಿಡಿದು ಊರು ಸುತ್ತಿಯೇ ದವಾಖಾನೆ ಮುಟ್ಟಬೇಕು. ಓಣಿಗೆ ಬೆನ್ನು ಹಾಕಿದ ಕೇರಿಯ ಮನೆಗಳಿಗೆ ಆ ಕಡೆ ಬಾಗಿಲು ಇಡುವ ಹಾಗೂ ಇರಲಿಲ್ಲ. ಗಾಳಿಗೆಂದು ಸಣ್ಣ ಕಿಟಕಿ ಇಟ್ಟರೆ ಅಷ್ಟಕ್ಕೇ ದೊಡ್ಡವರು ಮುಖ ಸಿಂಡರಿಸುತ್ತಿದ್ದರು.

ಆ ಓಣಿ ತೆರೆದವರು ಸಮಾಧಾನಪ್ಪ ಅಯ್ಯನವರು. ಕೇರಿಯ ಕ್ರೈಸ್ತ ಸಭೆಗೆ ಉಪದೇಶ ಮಾಡಲು ಬಂದವರು, ಇಲ್ಲೇ ಬೇರು ಬಿಟ್ಟರು. ಅವರ ಪ್ರಸಂಗ ಕೇಳಲು ನಮ್ಮ ಜನ, ಗುಡಿಯ ಜನ ಎಲ್ಲರೂ ಚರ್ಚಿನ ಕಿಟಕಿಗೆ ಜೋತುಬೀಳುತ್ತಿದ್ದರು. "ದೇವರು ಮೊದಲ ಎಲ್ಲಿದ್ದ? ಗುಡಾರದಾಗಿದ್ದ. ಗುಡಾರ ಯಾಕ ಮಾಡ್ತಾರ? ಎತ್ತಿಕೊಂಡು ನಡೀಲಿಕ್ಕೆ. ನಡಿಯೂ ದೇವರ ಮಕ್ಕಳು ನೀವು, ನಾಲಿ ದಂಡ್ಯಾಗ ಕುಂತು ಏನ್ ಮಾಡ್ತೀರಿ?" ಹೀಗೆ ಕೇಳಿ ಕೇಳಿ ಒಂದು ಭಾನುವಾರ ಆರಾಧನೆಯ ಕೊನೆಯ ಆಶೀರ್ವಾದವನ್ನು ಚರ್ಚಿನೊಳಗೆ ಕೊಡಲಿಲ್ಲ. "ಆಶೀರ್ವಾದ ದವಾಖಾನಿ ಮುಂದ ಕೊಡ್ತೀನಿ. ಬೇಕಾದವರು ಬರ್ರಿ" ಎಂದು ಹಾಡುತ್ತ ಓಣಿಗೆ ಇಳಿದರು. ಜನ ಹಿಂದೆ ಹೋದರು. ಕೋಲು ಬಿದ್ದವು. ಮುಂದಿನ ಭಾನುವಾರ ಮತ್ತೆ ಹೋದರು, ಮತ್ತೆ ಬಿದ್ದವು. ಜೈಲಾಯಿತು, ಕೈ ಮುರಿಯಿತು, ಆದರೂ ಭಾನುವಾರ ತಪ್ಪಲಿಲ್ಲ. ವರ್ಷಗಟ್ಟಲೆ ನಡೆದ ಮೇಲೆ ದೊಡ್ಡವರೇ ದಣಿದರು. ಇವತ್ತಿಗೂ ಕೇರಿಯ ಆರಾಧನೆ ಮುಗಿಯುವುದು ದವಾಖಾನೆಯ ಮುಂದೆಯೇ. ಬೇರೆ ಊರಿನ ಸಭೆಗಳೂ ನೋಡಿಕೊಂಡು ಹೋಗಿ ಹಾಗೇ ಮಾಡುತ್ತಿವೆಯಂತೆ. ಅಯ್ಯನವರು ಹೋದರು, ಆ ನಡಿಗೆ ಹೋಗಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಅಯ್ಯನವರಿಗೆ ಬೂಟು ಹೊಳೆಯಬೇಕಿತ್ತು. ಜೈಲಿನಿಂದ ಹೊರಗೆ ಬಂದ ದಿನ ಮೊದಲು ಕೇಳಿದ್ದು ಪಾಲಿಶ್ ಡಬ್ಬಿ. ಊಟಕ್ಕೆ ಕರೆದ ಮನೆಯಲ್ಲಿ ಒಳ್ಳೆಯ ತುಂಡು ಅವರ ತಾಟಿಗೇ ಬೀಳಬೇಕು. ಇನ್ನೊಬ್ಬರು ಚೆನ್ನಾಗಿ ಮಾತಾಡಿದರೆ ಮುಖ ಸಣ್ಣದಾಗುತ್ತಿತ್ತು. ಮೊದಲ ಭಾನುವಾರ ಮೊದಲ ಕೋಲು ಬಿದ್ದದ್ದು ಕಸ್ತೂರಿ ಎಂಬ ಹರೆಯದ ಹುಡುಗಿಯ ಭುಜಕ್ಕೆ. ಇಡೀ ಊರು ನೋಡಿದೆ. ವರ್ಷ ಕಳೆದಂತೆ ಅಯ್ಯನವರ ಪ್ರಸಂಗದಲ್ಲಿ ಆ ಕೋಲು ಮೆಲ್ಲಗೆ ಸರಿಯುತ್ತ ಬಂದು ಅವರ ಭುಜಕ್ಕೇ ಬಿತ್ತು. ಯಾರೂ ತಿದ್ದಲಿಲ್ಲ. ಕೇಳಲು ಅದೇ ಚೆನ್ನಾಗಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ರಾಜಿಯ ದಿನದ್ದು. ಓಣಿಯ ಹಿರಿಯ ಅಣ್ಣಾರಾಯ ದೇಸಾಯರು ಬುದ್ಧಿವಂತರು. "ನೀವು ಇರೂ ತನಕ ಓಣಿ ಬಿಟ್ಟಿರತೈತಿ. ನೀವು ಹೋದ ಮ್ಯಾಲ ನಿಮ್ಮ ನೆರಳು ಓಣ್ಯಾಗ ಬಿದ್ರ ಕಾಯಂ ಬಿಟ್ಟಂಗ. ಬೀಳಲಿಲ್ಲ ಅಂದ್ರ ಗೇಟು ಹಾಕ್ತೀವಿ" ಎಂದರು. ಅಯ್ಯನವರು ನಕ್ಕರು. "ನನ್ನ ನೆರಳು ಇಲ್ಲಿ ಬೀಳದ ಮತ್ತೆಲ್ಲಿ ಬೀಳತೈತ್ರಿ" ಎಂದು ಕೈ ಕುಲುಕಿದರು. ಇಡೀ ಕೇರಿಯ ದಾರಿಯನ್ನು ತನ್ನೊಬ್ಬನ ನೆರಳಿಗೆ ಕಟ್ಟಿ ಮನೆಗೆ ಬಂದು ಕೋಳಿ ಉಂಡರು. ಹೊಳೆದದ್ದು ಆಮೇಲೆ. ಜನ ಕಂಡಂತೆ ಅಯ್ಯನವರು ಓಣಿಯಲ್ಲಿ ನಡೆಯುತ್ತಾರೆಯೇ ಹೊರತು ನಿಲ್ಲುವುದಿಲ್ಲ. ಪ್ರಸಂಗ ಪೀಠದಲ್ಲೂ ನಿಂತವರಲ್ಲ, ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಲೇ ಕೂಗುತ್ತಿದ್ದರು. "ಸ್ವಲ್ಪ ನಿಂದರ್ರಿ ಅಯ್ನೋರ, ಓಣ್ಯಾಗ ಒಂದ್ ಘಳಿಗಿ ನಿಂದರ್ರಿ" ಎಂದು ಜನ ಬೇಡಿಕೊಳ್ಳುತ್ತಿದ್ದರು. ಅವರು ನಿಂತಂತೆ ಮಾಡಿ ಮುಂದೆ ಹೋಗುತ್ತಿದ್ದರು.

ಇನ್ನು ಕಸ್ತೂರಿಯ ವಿಷಯ. ಹಳೆ ಬಟ್ಟೆಗಳ ಕೌದಿ ಹೊಲಿಯುವವಳು. ಕೇರಿಯ ಕೊನೆಯ ಮನೆ, ಹಿತ್ತಿಲ ಗೋಡೆ ಹಿರೇ ಓಣಿಗೆ, ಆ ಗೋಡೆಯಲ್ಲೊಂದು ಕಿಟಕಿ. ನಾನು ಕೂರುವ ಜಾಗಕ್ಕೆ ಎದುರು. ಓಣಿ ತೆರೆದ ಮೇಲೆ ಬೇರೆಯವರೆಲ್ಲ ಈ ಕಡೆ ಬಾಗಿಲು ಇಟ್ಟುಕೊಂಡರು, ಅವಳು ಇಡಲಿಲ್ಲ. ಮದುವೆಯಾಗದೆ ಬಸುರಾದಳು. ಚರ್ಚಿನಲ್ಲಿ ಒಂದು ಪದ್ಧತಿಯಿದೆ. ಕರ್ತನ ಭೋಜನದ ಭಾನುವಾರ ಪೀಠದಿಂದ ಒಬ್ಬೊಬ್ಬರದೇ ಹೆಸರು ಕರೆಯುತ್ತಾರೆ. ಕರೆಸಿಕೊಂಡವರು "ಇದ್ದೇನ್ರಿ" ಎಂದು ಎದ್ದು ಮುಂದೆ ಹೋಗಿ ರೊಟ್ಟಿ, ದ್ರಾಕ್ಷಿರಸ ತೆಗೆದುಕೊಳ್ಳುತ್ತಾರೆ. ಅವತ್ತು ಅಯ್ಯನವರು ಪೀಠದಿಂದಲೇ ಕೇಳಿದರು. "ಕಸ್ತೂರಿ, ಕೂಸಿನ ತಂದಿ ಯಾರಂತ ಸಭೆಗೆ ಹೇಳ್ತೀಯೇನು?" ಅವಳು ಅವರನ್ನೇ ನೋಡಿದಳು. "ಇಲ್ಲರಿ" ಎಂದಳು. "ಹಂಗಾದ್ರ ನಿನ್ನ ಹೆಸರು ಇನ್ನ ಕರಿಯೂದಿಲ್ಲ" ಎಂದರು. ಅವಳು ಎದ್ದು ಹೋದಳು. ಹೆಣ್ಣು ಹುಟ್ಟಿತು. ಎಸ್ತೇರ ಎಂದು ಹೆಸರಿಟ್ಟಳು. ಹುಡುಗಿ ಈಗ ಓಣಿಯ ಆ ತುದಿಯ ದವಾಖಾನೆಯಲ್ಲಿ ಹೆರಿಗೆ ನರ್ಸು.

ಊರಿಗೆ ಏನೂ ಗೊತ್ತಿರಲಿಲ್ಲ ಎಂದರೆ ಸುಳ್ಳು. ಭಾನುವಾರ ದವಾಖಾನೆಯ ಮುಂದೆ ಆಶೀರ್ವಾದ ಕೊಟ್ಟು ಜನ ಚದುರಿದ ಮೇಲೆ ಅಯ್ಯನವರು ಒಬ್ಬರೇ ತಿರುಗಿ ಬರುತ್ತಿದ್ದರು. ಕಸ್ತೂರಿಯ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಬಿಸಿಲು ಇಳಿಯುವ ತನಕ. ಹೋಗುವಾಗ ನನ್ನ ಕಡೆ ನೋಡಿ, "ಕೊಡೆ ಕಡ್ಡಿ ಮುರದಾವೇನೋ ದಸ್ತಗೀರ?" ಎನ್ನುತ್ತಿದ್ದರು. ಕೊಡೆ ಕೊಟ್ಟೇ ಇರಲಿಲ್ಲ. ನಾನೂ "ಇಲ್ಲ ಅಯ್ನೋರ, ಗಟ್ಟಿ ಅದಾವ" ಎನ್ನುತ್ತಿದ್ದೆ.

ಅವರು ತೀರಿಕೊಂಡಾಗ ಮೋಡದ ದಿನಗಳು. ಇಡೀ ಕೇರಿ ಮೇಲೆ ನೋಡುತ್ತಿತ್ತು. ದೇಸಾಯರು ಆಗಲೇ ಓಣಿಯ ಬಾಯಲ್ಲಿ ಗೇಟಿಗೆ ಎರಡು ಕಲ್ಲುಕಂಬ ನೆಡಿಸಿಬಿಟ್ಟಿದ್ದರು, ಒಂದು ನನ್ನ ಬೆನ್ನಿಗೇ. ಒರಗಲು ಚೆನ್ನಾಗಿತ್ತು. ಒಂದು ಬೆಳಿಗ್ಗೆ ಮೋಡ ಹರಿಯಿತು. ನಾನು ಎದುರಿಗೆ ನೋಡಿದೆ. ಕಸ್ತೂರಿಯ ಗೋಡೆಯ ಮೇಲೆ, ಕಿಟಕಿಯ ಪಕ್ಕ, ಉದ್ದ ಕೋಟು, ಕಂಕುಳಲ್ಲಿ ಸತ್ಯವೇದ. ತಲೆ ಕಿಟಕಿಯ ಕಡೆ ಬಗ್ಗಿತ್ತು. ಬದುಕಿದ್ದಾಗ ಆ ತಲೆ ಬಗ್ಗಿದ್ದನ್ನು ಕೇರಿ ಕಂಡಿರಲಿಲ್ಲ. ಜನ ಬಂದರು, ನೋಡಿದರು. ಒಬ್ಬ ಮುದುಕಿ ಕೈ ಮುಗಿಯಲು ಹೋಗಿ, ಯಾವ ಮನೆಯ ಗೋಡೆ ಎಂಬುದು ನೆನಪಾಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ನೆರಳು ಓಣಿಯಲ್ಲೇ ಬಿದ್ದಿತ್ತು. ಆದರೆ ಕಸ್ತೂರಿ ಬಾಯಿ ತೆರೆಯಬೇಕಿತ್ತು. ಹುಣ್ಣಿಮೆಯ ಮರುದಿನ ಊರು ಸೇರುವುದು ಎಂದಾಯಿತು.

ಮೊದಲು ಬಂದವರು ಸಾಲೊಮೋನ ಮಾಸ್ತರರು. ಸಭೆಯ ಹಿರಿಯರು, ಹಾಡಿಸುವವರು, ಅಯ್ಯನವರು ಹಾಸಿಗೆ ಹಿಡಿದ ಮೇಲೆ ಹೆಸರು ಕರೆಯುವ ಕೆಲಸವೂ ಅವರದೇ. ಇಡೀ ಸಭೆಯ ಹೆಸರು ಅವರಿಗೆ ಬಾಯಿಪಾಠ. ಕಸ್ತೂರಿ ಕಿಟಕಿಯ ಒಳಗೆ ಕೌದಿ ಹೊಲಿಯುತ್ತಿದ್ದಳು. ಮಾಸ್ತರರು ಮನೆಯೊಳಗೆ ಹೋಗಲು ಮನಸ್ಸಿಲ್ಲದೆ ಓಣಿಯಲ್ಲಿ, ಕಿಟಕಿಯ ಮುಂದೆ ನಿಂತರು. ನೆರಳಿನ ಪಕ್ಕದಲ್ಲಿ ನಿಂತದ್ದು ಅರಿವಾಗಿ ಎರಡು ಹೆಜ್ಜೆ ಸರಿದರು. ಅಷ್ಟು ದೂರದಿಂದ ಮಾತಾಡಿದ್ದು ನನಗೆಲ್ಲ ಕೇಳಿಸಿತು.

"ಕಸ್ತೂರಿ, ಹೆಚ್ಚಿಗಿ ಏನೂ ಹೇಳೂದು ಬ್ಯಾಡವ್ವ. ಓಣಿ ಸಲುವಾಗಿ ಪ್ರಾರ್ಥನಿ ಮಾಡಾಕ ಇಲ್ಲಿ ನಿಂದರತಿದ್ರು, ನನಗ ಗೊತ್ತಿತ್ತು. ಇಷ್ಟಂದ್ರ ಸಾಕು."

"ಪ್ರಾರ್ಥನಿ ಮಾಡೂವಾಗ ನೀವು ಕಣ್ಣು ಮುಚ್ಚತೀರೋ ತೆಗೀತೀರೋ ಮಾಸ್ತರ?"

"ಅದ್ಯಾಕ ಈಗ?"

"ಅವರು ತೆಗದಿರ್ತಿದ್ರು. ಅದಕ್ಕ ಕೇಳಿದೆ."

ಮಾಸ್ತರರು ದನಿ ಇಳಿಸಿದರು. "ನೋಡವ್ವ, ಆ ಹೆಸರಿನ ಮ್ಯಾಲ ಇಡೀ ಕೇರಿ ನಿಂತೈತಿ. ಮಕ್ಕಳು ಅವರ ಹಾಡು ಹಾಡ್ತಾವ. ಒಂದು ಕಲ್ಲು ಜಗ್ಗಿದ್ರ ಗ್ವಾಡಿನ ಬೀಳತೈತಿ."

"ನಿಮ್ಮ ಗ್ವಾಡಿ ನೀವು ನೋಡಿಕೊಳ್ರಿ. ನನ್ನ ಗ್ವಾಡಿಗೆ ನಾ ಮಾತಾಡ್ತೀನಿ. ನನ್ನ ಹೆಸರು ಕರೀರಿ. ಪೀಠದಿಂದ ಕರೀರಿ. ಯಾಕ ತೆಗದಿದ್ರಿ ಅನ್ನೂದನ್ನೂ ಅಲ್ಲೇ ಹೇಳ್ರಿ. ಅಂದ್ರ ನಾನೂ ಹೇಳಬೇಕಾದ್ದು ಹೇಳ್ತೀನಿ."

"ಅದು ಆಗೂದಿಲ್ಲ."

"ಹಂಗಾದ್ರ ನನಗೂ ಕೌದಿ ಭಾಳ ಅದಾವ್ರಿ."

ಮಾಸ್ತರರು ನನ್ನ ಹತ್ತಿರ ಬಂದು ಕಲ್ಲುಕಂಬಕ್ಕೆ ಒರಗಿದರು. ಗೇಟಿನ ಕಂಬ ಎಂದು ನೆನಪಾಗಿ ನೆಟ್ಟಗಾದರು. "ಹೆಂಗಸು ಸೇಡು ತೀರಿಸಿಕೊಳ್ಳಾಕ ಹತ್ತ್ಯಾಳ ದಸ್ತಗೀರ" ಎಂದರು. ನನಗೆ ಹಾಗೆ ಕಾಣಲಿಲ್ಲ. ಸೇಡು ಬೇಕಿದ್ದರೆ ಸುಣ್ಣ ಅಗ್ಗ.

ಎರಡನೆಯವರು ರಾಹೇಲಮ್ಮ, ಅಯ್ಯನವರ ಹೆಂಡತಿ. ಊರು ಸೇರುವ ಹಿಂದಿನ ದಿನ, ಮಧ್ಯಾಹ್ನದ ಬಿಸಿಲಲ್ಲಿ ಬಂದರು. ಮಕ್ಕಳಿಲ್ಲದ ಹೆಂಗಸು, ಮಾತು ಕಡಿಮೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಕೀಟು, ಅದರೊಳಗೆ ನೀರಲ್ಲಿ ಕರಗಿದ ಸುಣ್ಣ, ಮೇಲೊಂದು ಕುಂಚ. ಗೋಡೆಯನ್ನು ಒಂದು ಸಲ ನೋಡಿದರು. ಆಮೇಲೆ ನನ್ನನ್ನು. "ಏಳು. ಸಾಕ್ಷಿಗೆ ಒಬ್ಬರು ಬೇಕು" ಎಂದರು. ಬಕೀಟು, ಕೊಡೆ ಎರಡನ್ನೂ ನಾನೇ ಹಿಡಿದುಕೊಂಡು ಸುತ್ತು ಹಾಕಿ ಕೇರಿಯ ಕಡೆಯ ಬಾಗಿಲಿಗೆ ಹೋದೆವು. ಬಾಗಿಲು ತೆರೆದಿತ್ತು.

"ಬರ್ರಿ ಅಯ್ನೋರಮ್ಮ. ಕುಂದರ್ರಿ" ಎಂದಳು ಕಸ್ತೂರಿ, ಸೂಜಿ ನಿಲ್ಲಿಸದೆ.

"ಕುಂದರಾಕ ಬಂದಿಲ್ಲ ನಾ."

"ನಿಂದರಬ್ಯಾಡ್ರಿ ಮತ್ತ. ಈ ಮನ್ಯಾಗ ನಿಂತ್ರ ಏನಾಗತೈತಿ ಅಂತ ನೋಡೀರಲ್ಲ."

ರಾಹೇಲಮ್ಮ ಕೌದಿಯ ರಾಶಿಯ ಮೇಲೆ ಕೂತರು. "ಸುಣ್ಣ ತಂದೀನಿ. ಗ್ವಾಡಿ ನಿಂದು, ನೀನ ಬಳೀಬೇಕು. ಬಳಿ."

"ಓಣಿ ಹೋಗತೈತಲ್ರಿ."

"ಹೋದ್ರ ಹೋಗ್ಲಿ. ಓಣಿ ಓಣಿ ಅಂತ ಜೀವ ತಿಂದು ಹೋದ. ನನ್ನ ಅಂಗಳದಾಗ ಆ ಮನಷ್ಯಾ ಒಂದು ಎಲಿ ಅಡಿಕಿ ಹಾಕೊಳ್ಳೂ ಅಷ್ಟು ಹೊತ್ತು ನಿಂತಿಲ್ಲ. ಬಂದ, ಉಂಡ, ಹೋದ. ಸತ್ತ ಮ್ಯಾಲಾದ್ರೂ ಎಲ್ಲೋ ಒಂದು ಕಡೆ ನಿಂದರತಾನ, ಓಣ್ಯಾಗೋ ಚರ್ಚಿನ ಮುಂದೋ, ಹೋಗಿ ಎರಡು ಮಾತು ಬೈದು ಬರೂಣು ಅಂದಿದ್ದೆ. ಇಲ್ಲಿ ಬಂದು ನಿಂತ. ಇಲ್ಲಿಗೆ ಹೆಂಗ ಬರ್ಲಿ ನಾ?"

"ಬಂದೀರಲ್ರಿ ಈಗ."

"ನಗಬ್ಯಾಡ ನನ್ನ ಮುಂದ."

"ನಗವಲ್ಲೆರಿ." ಕಸ್ತೂರಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. "ಒಂದು ಮಾತು ಕೇಳ್ರಿ. ಅವರು ನಿಂತದ್ದು ಹೊರಗ. ಕೂಸು ಹುಟ್ಟಿದ ಮ್ಯಾಲ ಈ ಹೊಚ್ಚಲಾ ದಾಟಿಲ್ಲ. ನನ್ನ ಕೂಡ ಮಾತಾಡಿಲ್ಲ. ನೋಡಾಕ ಬರತಿದ್ದದ್ದು ನನ್ನನ್ನಲ್ಲ. ಮಗಳನ್ನ. ಇಕಿ ಉಣ್ಣೂದು, ಬರಿಯೂದು, ಜಡಿ ಹಾಕೊಳ್ಳೂದು. ಇಕಿಗೆ ಜ್ವರ ಬಂದಾಗ ಅಲ್ಲಿ ಉಸಿರಾಡೂದು ನನಗ ಇಲ್ಲಿ ಕೇಳತಿತ್ತು. ಊರಿಗೆಲ್ಲ ಕೇಳೂ ಹಂಗ ಒದರೂ ಮನಷ್ಯಾ, ಎಸ್ತೇರ ಅಂತ ಒಮ್ಮಿ ಕರೀಲಿಲ್ಲ."

"ನೀ ಕಿಟಕಿ ಮುಚ್ಚಬೇಕಾಗಿತ್ತು."

"ಮುಚ್ಚಬೇಕಾಗಿತ್ತು ಖರೆ. ಹುಡುಗಿಗೆ ಗಾಳಿ ಬೇಕಾಗತಿತ್ರಿ."

ಅಷ್ಟರಲ್ಲಿ ಎಸ್ತೇರ ಕೆಲಸ ಮುಗಿಸಿ ಬಂದಳು. ಬಿಳಿ ಸೀರೆಯ ತುದಿ ಒದ್ದೆಯಾಗಿತ್ತು, ಚಪ್ಪಲಿಗೆ ನಾಲೆಯ ಕೆಸರು. ರಾಹೇಲಮ್ಮ ಅವಳ ಮುಖ ನೋಡಿದರು. ನಾನೂ ನೋಡಿದೆ. ಆ ಮೂಗನ್ನು ಕೇರಿಯ ಎಲ್ಲ ಗೋಡೆಗಳಲ್ಲೂ ಚೌಕಟ್ಟು ಹಾಕಿ ತೂಗುಹಾಕಿದ್ದಾರೆ.

"ಎಲ್ಲಿ ಬಿದ್ದಿದ್ದಿ?" ಎಂದಳು ತಾಯಿ.

"ದೇಸಾಯರ ಮಂದಿ ಆಗಲೇ ಆ ಕಡಿಂದ ಹಗ್ಗ ಕಟ್ಯಾರ. ನಾಳೆ ಹೆಂಗಿದ್ರೂ ಗೇಟು ಬೀಳತೈತಿ ಅಂತ. ಒಬ್ಬಾಕಿ ತುಂಬಿದ ಬಸುರಿನ್ನ ನಾಲಿ ದಂಡಿ ಮ್ಯಾಲೆ ಕೈ ಹಿಡದು ಕರಕೊಂಡು ಹೋಗಿ ಬಂದೆ. ಕಾಲು ಜಾರತಾವ ಅಲ್ಲಿ." ಬಕೀಟು ಕಂಡಳು. ಯಾರು ತಂದರು ಎಂದು ಕೇಳಲಿಲ್ಲ. "ಹೆತ್ತಳು. ಗಂಡು. ಇಬ್ಬರೂ ಅರಾಮ ಅದಾರ" ಎಂದು ಕೈ ತೊಳೆಯಲು ಹೋದಳು.

ರಾಹೇಲಮ್ಮ ನೆಲದ ಮೇಲೆ ಬಿದ್ದ ನಾಲೆಯ ಕೆಸರನ್ನೇ ನೋಡಿದರು. ಕೇರಿಯ ಹಳಬರಿಗೆ ಗೊತ್ತಿರುವ ಸಂಗತಿ ಒಂದಿದೆ, ಯಾರೂ ಅದನ್ನು ಎತ್ತುವುದಿಲ್ಲ. ರಾಹೇಲಮ್ಮನ ಒಂದೇ ಒಂದು ಕೂಸು ಆ ನಾಲೆಯ ದಂಡೆಯ ಮೇಲೆ, ಗಾಡಿಯಲ್ಲಿ, ದವಾಖಾನೆ ಮುಟ್ಟುವ ಮೊದಲೇ ಹೋಯಿತು. ಅಯ್ಯನವರು ಓಣಿಗೆ ಇಳಿದದ್ದು ಅದಾದ ಮೇಲೆ. ಅವರ ಯಾವ ಪ್ರಸಂಗದಲ್ಲೂ ಆ ಕೂಸು ಬಂದಿಲ್ಲ.

"ಏನು ಬೇಕು ನಿನಗ?" ಎಂದರು ಕಡೆಗೆ.

"ನನ್ನ ಹೆಸರು ಕರೀಬೇಕು. ತೆಗದದ್ದು ಯಾಕ ಅಂತ ಹೇಳಬೇಕು."

"ಯಾರು ಹೇಳಬೇಕು ಅದನ್ನ? ತೆಗದಾವ ಗ್ವಾಡಿ ಮ್ಯಾಲ ಅದಾನ."

"ಅದನ್ನ ನೀವು ನೋಡಿಕೊಳ್ರಿ. ಹೇಳಿಕೊಡಾಕ ನಾ ಸಭೆಯಾಕಿ ಅಲ್ಲ."

ರಾಹೇಲಮ್ಮ ಎದ್ದರು. "ಸುಣ್ಣ ಇಲ್ಲೇ ಇರಲಿ. ನಿನ್ನ ಗ್ವಾಡಿ, ನಿನ್ನ ಮನಸು" ಎಂದು ಬಿಸಿಲಿಗೆ ಹೊರಟುಹೋದರು. ಕೊಡೆ ನನ್ನ ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಗೋಡೆಯ ಮುಂದೆ ಊರು ಸೇರಿತು. ಒಂದು ಮಗ್ಗುಲಿಗೆ ಓಣಿಯವರು, ಇನ್ನೊಂದು ಮಗ್ಗುಲಿಗೆ ಕೇರಿಯವರು. ಗೇಟು ಗಾಡಿಯ ಮೇಲೆ ಬಂದು ನಿಂತಿತ್ತು, ಹೊಸ ಬಣ್ಣದ ವಾಸನೆ ಬರುತ್ತಿತ್ತು. ಕಸ್ತೂರಿ ಸುತ್ತು ಹಾಕಿ ಓಣಿಗೆ ಬಂದಳು. ಒಂದು ಕೈಯಲ್ಲಿ ಬಕೀಟು ಇತ್ತು. ಅದನ್ನು ನೋಡಿ ಸಾಲೊಮೋನ ಮಾಸ್ತರರು ಎರಡು ಹೆಜ್ಜೆ ಮುಂದೆ ಬಂದರು. ಅವಳು ಬಕೀಟನ್ನು ಗೋಡೆಯ ಬುಡಕ್ಕೆ ಇಟ್ಟಳು.

ದೇಸಾಯರು ಮೆತ್ತಗೆ ಮಾತಾಡುವವರು. "ನೋಡು ತಂಗೀ, ಯಾರೂ ನಿನ್ನ ಒತ್ತಾಯ ಮಾಡೂದಿಲ್ಲ. ಈ ಮನಷ್ಯಾ ನಿನ್ನ ಗ್ವಾಡಿಗೆ ಯಾಕ ನಿಂತಿದ್ದ?"

ಮಾಸ್ತರರ ತುಟಿಗಳು ಪ್ರಾರ್ಥನೆ ಎಂಬ ಮಾತನ್ನು ಆಕೆಗೆ ಉಣಿಸುವಂತೆ ಅಲುಗಿದವು.

"ಮಗಳನ್ನ ನೋಡಾಕ ನಿಂದರತಿದ್ರು ಸಾಹೇಬ್ರ" ಎಂದಳು ಕಸ್ತೂರಿ.

"ಯಾರ ಮಗಳು?"

"ಅವರ ಮಗಳು. ನನ್ನ ಮಗಳು. ದವಾಖಾನ್ಯಾಗ ನಿಮ್ಮ ಸೊಸಿಗೆ ಹೆರಿಗಿ ಮಾಡಿಸ್ಯಾಳಲ್ಲ, ಆಕಿ."

ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದ ಮಾತು ಬಾಯಿಂದ ಹೊರಗೆ ಬಂದದ್ದಕ್ಕೆ ಕೇರಿಯವರೆಲ್ಲ ನೆಲ ನೋಡಿದರು. ದೇಸಾಯರಿಗೆ ಇದು ಬೇಕಾಗಿತ್ತು. ಜನರ ಕಡೆ ತಿರುಗಿದರು. "ಕೇಳಿದ್ರೇನಪಾ? ಇಂಥಾವರು ನಿಮ್ಮ ಅಯ್ನೋರು. ಇಂಥಾವರ ಹೆಸರಿನ ಮ್ಯಾಲ ನಮ್ಮ ಓಣಿ ಕೇಳ್ತೀರಿ."

"ಹೌದ್ರಿ, ಇಂಥಾವರ" ಎಂದಳು ಕಸ್ತೂರಿ. ದನಿ ಏರಿಸಲಿಲ್ಲ. "ಇಂಥಾವರ ನಿಮ್ಮ ಓಣ್ಯಾಗ ನಡದ್ರು. ಹಿಂದ ನಡದಾವರು ನಾವೂ ದೇವದೂತರಲ್ಲ. ಒಳ್ಳೇ ಮಂದಿಗಷ್ಟ ದಾರಿ ಅನ್ನೂದಾದ್ರ ನಿಮ್ಮ ಓಣ್ಯಾಗ ಯಾರು ಓಡ್ಯಾಡಬೇಕ್ರಿ?"

ಓಣಿಯವರ ಕಡೆಯಿಂದಲೇ ಒಬ್ಬ ನಕ್ಕ. ದೇಸಾಯರು ಅವನನ್ನು ನೋಡಲಿಲ್ಲ. "ಕಟ್ಟಳಿ ಮಾತು ಹೇಳು. ಅವ ನಿಂದರೂದಕ್ಕ ನಿನ್ನ ಒಪ್ಪಿಗಿ ಇತ್ತೋ ಇಲ್ಲೋ?"

ಅಲ್ಲಿ ಎಲ್ಲರೂ ಕಾದರು. ಒಪ್ಪಿಗೆ ಇತ್ತು ಎಂದರೆ ಅವಳ ಮರ್ಯಾದೆ ಹೋಯಿತು. ಇಲ್ಲ ಎಂದರೆ ನೆರಳು ಕಳ್ಳನೆರಳು, ಗೇಟು ಬಿತ್ತು. ಕಸ್ತೂರಿ ಗೋಡೆಯ ಕಡೆ ತಿರುಗಿದಳು. ಆ ನೆರಳನ್ನು ಅವಳು ಹೊರಗಿನಿಂದ ನೋಡಿದ್ದು ಬಹುಶಃ ಅದೇ ಮೊದಲು. ಒಳಗಿನಿಂದ ಅದು ಕಾಣುವುದಿಲ್ಲವಲ್ಲ. ಸ್ವಲ್ಪ ಹೊತ್ತು ನೋಡಿದಳು. ಬಗ್ಗಿ ಬಕೀಟಿನ ಕುಂಚವನ್ನು ಕೈಗೆ ತೆಗೆದುಕೊಂಡಳು.

"ಅವರ ಮ್ಯಾಲ ನನಗ ಸಿಟ್ಟಿತ್ತು, ಇವತ್ತಿಗೂ ಐತಿ" ಎಂದಳು. "ನಿಂದರತಿದ್ದದ್ದು ನನಗ ಗೊತ್ತಿತ್ತು. ಬ್ಯಾಡ ಅನ್ನಲಿಲ್ಲ." ಕುಂಚವನ್ನು ಬಕೀಟಿನೊಳಗೆ ಬಿಟ್ಟು, ಎತ್ತಿಕೊಂಡು ಮನೆಗೆ ಹೋದಳು.

ಗೇಟು ಬಂದ ಗಾಡಿಯಲ್ಲೇ ತಿರುಗಿ ಹೋಯಿತು. 

ಓಣಿ ಉಳಿಯಿತು. ಅವಳ ಹೆಸರಿನ ವಿಷಯ ಯಾರೂ ಎತ್ತಲಿಲ್ಲ. ಕೇರಿಯಲ್ಲಿ ಕೆಲವರು ಅವಳ ಬಾಗಿಲಿಗೆ ಬೆಲ್ಲ, ಎಲೆಯಡಿಕೆ ಇಟ್ಟು ಹೋದರು, ಒಳಗೆ ಹೋಗಲಿಲ್ಲ. ಕೆಲವರು ಮನೆಯಲ್ಲಿದ್ದ ಅಯ್ಯನವರ ಚೌಕಟ್ಟನ್ನು ಇಳಿಸಿ, ಎರಡು ದಿನ ಬಿಟ್ಟು ಮತ್ತೆ ಏರಿಸಿದರು. ಸಾಲೊಮೋನ ಮಾಸ್ತರರು ನನ್ನ ಮುಂದೆ ಹಾದು ಹೋಗುವಾಗ ಕೊಡೆ ಇಲ್ಲದಿದ್ದರೂ ಕೊಡೆಯ ವಿಷಯವೇ ಮಾತಾಡಿದರು.

ಕರ್ತನ ಭೋಜನದ ಭಾನುವಾರ ಬಂತು. ರಾಹೇಲಮ್ಮನ ಕೊಡೆ ಇನ್ನೂ ನನ್ನಲ್ಲೇ ಇತ್ತು, ಕೊಡಲೆಂದು ಹೋಗಿ ಚರ್ಚಿನ ಕಟ್ಟೆಯ ಮೇಲೆ, ಬಾಗಿಲ ಪಕ್ಕ ಕೂತೆ. ಹಿಂದಿನ ಸಾಲಿನಲ್ಲಿ ಎಸ್ತೇರ ಕೂತಿದ್ದಳು, ಪಕ್ಕದಲ್ಲಿ ಕಸ್ತೂರಿ. ಅವಳು ಬಂದದ್ದನ್ನು ಎಲ್ಲರೂ ನೋಡಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಾಸ್ತರರು ಪೀಠಕ್ಕೆ ಹೋಗಿ ಕಣ್ಣು ಮುಚ್ಚಿ ಬಾಯಿಪಾಠ ಹೇಳತೊಡಗಿದರು. ಒಂದೊಂದು ಹೆಸರಿಗೂ ಒಬ್ಬೊಬ್ಬರು ಇದ್ದೇನ್ರಿ, ಇದ್ದೇನ್ರಿ ಎಂದು ಏಳುತ್ತ ಹೋದರು. ಹೆಸರುಗಳು ಮುಗಿದವು. ಮಾಸ್ತರರು ಕಣ್ಣು ತೆರೆದು ರೊಟ್ಟಿಯ ಕಡೆ ತಿರುಗಿದರು.

"ಮಾಸ್ತರ" ಎಂದರು ಮುಂದಿನ ಸಾಲಿನಿಂದ ರಾಹೇಲಮ್ಮ. "ಒಂದು ಬಿಟ್ಟೀರಿ."

"ಯಾವುದ್ರಿ ಅಯ್ನೋರಮ್ಮ?"

"ನಿಮಗ ಗೊತ್ತೈತಿ."

ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು. "ಅದು ಅಯ್ನೋರ ಬಾಯಿಂದ ಬಂದ ಆಜ್ಞಾ ಇತ್ತು. ನಾ ಹೆಂಗ..."

ರಾಹೇಲಮ್ಮ ಎದ್ದು ನಿಂತು ಸಭೆಯ ಕಡೆ ತಿರುಗಿದರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ದನಿ ಸಣ್ಣದಿತ್ತು, ನಾನು ಬಾಗಿಲಿಗೆ ಕಿವಿ ಕೊಡಬೇಕಾಯಿತು. "ಆ ಆಜ್ಞಾ ಕೊಟ್ಟಾವನ ಆ ಕೂಸಿನ ತಂದಿ ಆಗಿದ್ದ. ತಾನು ಪೀಠದ ಮ್ಯಾಲ ನಿಂತು ಆಕಿನ್ನ ಕೆಳಗ ನಿಲ್ಲಿಸಿ ಕೇಳಿದ. ಹೇಳೂದು ಆಕಿ ಕೈಯಾಗಿತ್ತು, ಹೇಳಲಿಲ್ಲ. ಅವತ್ತು ನಾ ಇದೇ ಬೆಂಚಿನ ಮ್ಯಾಲ ಕುಂತಿದ್ದೆ. ನಮಗೆಲ್ಲ ನಡಿಯಾಕ ಕಲಿಸಿದಾವ ಅವನ. ಅದೂ ಖರೆ, ಇದೂ ಖರೆ. ಕರೀರಿ ಮಾಸ್ತರ."

ಮಾಸ್ತರರು ಸಭೆಯನ್ನು ನೋಡಿದರು. ಸಭೆ ಯಾವ ಸಹಾಯವನ್ನೂ ಮಾಡಲಿಲ್ಲ. ಅವರು ಕೆಮ್ಮಿದರು. "ಕಸ್ತೂರಿ" ಎಂದರು, ಗಂಟಲಲ್ಲೇ.

ಹಿಂದಿನ ಸಾಲಿನಿಂದ ಉತ್ತರ ಬರಲಿಲ್ಲ. ಎಸ್ತೇರ ತಾಯಿಯ ಮೊಣಕೈ ಮುಟ್ಟಿದಳು. ಕಸ್ತೂರಿ ಸೀರೆಯ ನೆರಿಗೆ ಸರಿ ಮಾಡಿಕೊಂಡಳು, ಸೆರಗು ಭುಜದ ಮೇಲೆ ಎಳೆದುಕೊಂಡಳು.

"ಕೇಳಿಸ್ಲಿಲ್ರಿ ಮಾಸ್ತರ" ಎಂದಳು. "ಇನ್ನೊಮ್ಮಿ ಕರೀರಿ."